ಉಗುಳಕ್ಕ ತನ್ನ ತಪ್ಪನ್ನು ಬರೆದದ್ದು

ಇಪ್ಪತ್ತಾರು ವರ್ಷ ಬಾಯಿಗೆ ವೈನ್ ಹಾಕಿಕೊಂಡು ಒಂದು ಗುಟುಕನ್ನೂ ನುಂಗದ ಹೆಂಗಸನ್ನು ಊರು ಏನೆಂದು ಕರೆಯಬೇಕು? ಉಗುಳಕ್ಕ ಎಂದು ಕರೆಯಿತು. ಮೊದಲು ಕರೆದವರು ಹೊಟ್ಟೆಯುರಿಗೆ ಕರೆದರು, ಆಮೇಲಿನವರಿಗೆ ಅದೇ ಅವಳ ಹೆಸರಾಯಿತು. ಅಂಚೆಯವನು ಕೂಡ ಬಾಗಿಲಲ್ಲಿ ನಿಂತು "ಉಗುಳಕ್ಕಾ, ಕಾಗದ" ಎಂದೇ ಕೂಗುತ್ತಿದ್ದ. ಅವಳಿಗೆ ಬೇಸರವೇನೂ ಇರಲಿಲ್ಲ. "ಕುಡಿದು ನುಂಗಿದೋರು ಊರ ತುಂಬಾ ಇದಾರೆ, ಅವರ ಹೆಸರು ಯಾರಿಗೆ ನೆನಪಿದೆ?" ಎನ್ನುತ್ತಿದ್ದಳು.

ಅವಳು ಹುಟ್ಟಾ ದೊಡ್ಡ ಪರೀಕ್ಷಕಿಯಲ್ಲ. ಹತ್ತೊಂಬತ್ತನೆಯ ವಯಸ್ಸಿಗೆ ಬಾಟಲಿ ತೊಳೆಯುವ ಶೆಡ್ಡಿಗೆ ಸೇರಿ, ಹದಿಮೂರು ವರ್ಷ ಮೊಣಕೈವರೆಗೆ ಸೋಪಿನ ನೀರಿನಲ್ಲಿ ಕೈ ಇಟ್ಟವಳು. ಒಂದು ದಿನ ತೊಳೆದು ಜೋಡಿಸಿದ್ದ ಎರಡು ಸಾವಿರ ಬಾಟಲಿಗಳ ಮುಂದೆ ನಿಂತು, "ಇವಕ್ಕೆ ಒದ್ದೆ ನಾಯಿ ವಾಸನೆ ಬರ್ತಿದೆ, ತುಂಬಿಸಬೇಡಿ" ಎಂದಳು. ಮೇಸ್ತ್ರಿ ಬಿದ್ದು ಬಿದ್ದು ನಕ್ಕ. ಆದರೆ ಆ ಹೊತ್ತಿಗೆ ಅಲ್ಲಿ ಹಾಯ್ದು ಹೋಗುತ್ತಿದ್ದ ಹಳೆಯ ಮುಖ್ಯ ಪರೀಕ್ಷಕರು ನಗಲಿಲ್ಲ. ಹುಡುಕಿ ನೋಡಿದರೆ ನೀರಿನ ತೊಟ್ಟಿಗೆ ಹಿಂದಿನ ದಿನ ಹಾಕಿದ್ದ ರಬ್ಬರ್ ಪೈಪಿನ ಕಿತಾಪತಿ ಅದು.

ಅವರು ಅವಳನ್ನು ಮಹಡಿಗೆ ಕರೆದುಕೊಂಡು ಹೋಗಿ ಆರು ಲೋಟ ನೀರು ಇಟ್ಟರು. ಒಂದರಲ್ಲಿ ಒಂದೇ ಹನಿ ವಿನೆಗರ್ ಇತ್ತು. ಅವಳು ಮೂಸಿದಳು, ನಾಲ್ಕನೆಯದನ್ನು ಮುಂದಕ್ಕೆ ತಳ್ಳಿದಳು. ಆಮೇಲೆ ಎರಡನೆಯದನ್ನೂ ತಳ್ಳಿ, "ಇದರಲ್ಲಿ ಏನೂ ಇಲ್ಲ ಸಾರ್, ಆದರೆ ಇದನ್ನ ಯಾರೋ ಸೋಪಿನ ಕೈಯಲ್ಲಿ ಹಿಡಿದಿದ್ದಾರೆ" ಎಂದಳು. ಮುಖ್ಯ ಪರೀಕ್ಷಕರು ತಮ್ಮ ಕೈಯನ್ನು ತಾವೇ ಮೂಸಿ ನೋಡಿಕೊಂಡರಂತೆ. ಮುಂದಿನ ತಿಂಗಳಿಂದ ಅವಳು ಪರೀಕ್ಷಕರ ಮೇಜಿನ ಐದನೆಯ ಕುರ್ಚಿಯಲ್ಲಿ ಕೂತಳು. ಅವರು ನಿವೃತ್ತರಾದಾಗ ಮೊದಲನೆಯ ಕುರ್ಚಿಗೆ ಬಂದಳು.

ಆ ಮೇಜು ಎಂದರೆ ಏನೆಂದು ಹೇಳಬೇಕು. ಆ ಸೀಮೆಯ ದ್ರಾಕ್ಷಿಯಿಂದ ಮಾಡಿದ ವೈನಿಗೆ ಸೀಮೆಯ ಹೆಸರು ಸುಮ್ಮನೆ ಸಿಗುವುದಿಲ್ಲ. ಬಾಟಲಿಯ ಬೂಚಿನ ಮೇಲೆ ವೈನ್ ಮಂಡಳಿಯ ಒಂದು ನೀಲಿ ಕಾಗದದ ಮುದ್ರೆ ಬೀಳಬೇಕು. ಮುದ್ರೆ ಬಿದ್ದರೆ ಅದು ಸೀಮೆಯ ವೈನ್, ಬೀಳದಿದ್ದರೆ ಹೆಸರಿಲ್ಲದ ಕೆಂಪು ನೀರು. ಹದಿನೈದು ದಿನದೊಳಗೆ ವಿನೆಗರ್ ಕಾರ್ಖಾನೆಗೆ ಹೋಗಬೇಕು. ಮೊದಲು ಕಾಗದಪತ್ರ ನೋಡುತ್ತಾರೆ, ಯಾವ ತೋಟ, ಯಾವಾಗ ಕೊಯ್ದದ್ದು ಎಂದು. ಆಮೇಲೆ ಯಂತ್ರ ಹುಳಿ ಎಷ್ಟು, ಮದ್ಯಾಂಶ ಎಷ್ಟು ಎಂದು ಅಳೆಯುತ್ತದೆ. ಕೊನೆಗೆ ಐದು ಮೂಗು, ಐದು ನಾಲಿಗೆ. ಬಣ್ಣ ಕಂಡು ಮೋಸಹೋಗಬಾರದೆಂದು ಕಪ್ಪು ಗಾಜಿನ ಲೋಟ. ಯಾರ ವೈನ್ ಎಂದು ತಿಳಿಯಬಾರದೆಂದು ಬರೀ ನಂಬರು, ಹೆಸರು ಮುಚ್ಚಿದ ಲಕೋಟೆಯೊಳಗೆ. ಐವರೂ ಮಾತಾಡದೆ ಕಾಗದದಲ್ಲಿ 'ಇರಲಿ' ಅಥವಾ 'ಬೇಡ' ಎಂದು ಬರೆಯಬೇಕು. ಮೂರು 'ಇರಲಿ' ಬಂದರೆ ಮುದ್ರೆ. ಐದಕ್ಕೆ ಐದೂ 'ಬೇಡ' ಎಂದಾದರೆ ಅಲ್ಲಿಗೆ ಮುಗಿಯಿತು, ಮರುಪರೀಕ್ಷೆಯ ಮಾತೇ ಇಲ್ಲ.

ಪರೀಕ್ಷೆಯ ದಿನ ಬೆಳಗ್ಗೆ ಉಗುಳಕ್ಕನ ಮನೆಯಲ್ಲಿ ಈರುಳ್ಳಿ ಹೆಚ್ಚುವಂತಿಲ್ಲ, ಕಾಫಿ ಕುದಿಸುವಂತಿಲ್ಲ, ಪರಿಮಳದ ಸೋಪು ಮುಟ್ಟುವಂತಿಲ್ಲ. ಗಂಡ ದರ್ಜಿ. ಅವನ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುವುದನ್ನೂ ಅವಳು ಆ ದಿನ ನಿಲ್ಲಿಸಿದ್ದಳು. "ನಾನು ಮದುವೆಯಾಗಿದ್ದು ಹೆಂಗಸನ್ನಲ್ಲ, ಒಂದು ಮೂಗನ್ನ. ಉಳಿದಿದ್ದು ಉಡುಗೊರೆಯಾಗಿ ಬಂತು" ಎಂದು ಅವನು ಬಟ್ಟೆ ಕೊಡಲು ಬಂದವರಿಗೆಲ್ಲ ಹೇಳುತ್ತಿದ್ದ.

ಆ ಮೂಗಿನಿಂದ ಅವಳಿಗೆ ಬಂದ ಗೌರವ ಎಷ್ಟೋ, ಹೋದದ್ದೂ ಅಷ್ಟೇ. ಒಂಬತ್ತು ವರ್ಷದ ಹಿಂದೆ ಒಂದು ನಂಬರಿಗೆ ಐವರೂ 'ಬೇಡ' ಎಂದರು. ಲಕೋಟೆ ಒಡೆದರೆ ಅದು ಅವಳ ಸ್ವಂತ ಅಣ್ಣನ ವೈನ್. ಅಣ್ಣ ಮೇಲಿನ ದಿಬ್ಬದಲ್ಲಿ ದ್ರಾಕ್ಷಿ ಬೆಳೆಯುವವನು, ಮುಂಗೋಪಿ, ಮಾತಿನಲ್ಲಿ ಮೆಣಸಿನಕಾಯಿ. ಮಂಡಳಿಯ ಅಂಗಳದಲ್ಲಿ ನಿಂತು, "ಬೆನ್ನಿಗೆ ಬಿದ್ದವಳೇ ಬೆನ್ನಿಗೆ ಇರಿದಳು" ಎಂದು ಕೂಗಿ ಹೋದವನು ಮತ್ತೆ ಅವಳ ಜೊತೆ ಮಾತಾಡಲಿಲ್ಲ. ನೆಂಟರ ಮನೆಯಲ್ಲಿ ಎದುರಾದರೆ ಗೋಡೆಯ ಕಡೆ ತಿರುಗಿ, "ಕೆಲವರ ಮೂಗು ಸುಳ್ಳು ಹೇಳುತ್ತೆ, ಅಲ್ವೇನಪ್ಪಾ?" ಎಂದು ಗೋಡೆಯನ್ನು ಕೇಳುತ್ತಿದ್ದ. ಉಗುಳಕ್ಕ ಅತ್ತಿಗೆಯ ಹತ್ತಿರ ಮಾತ್ರ ಮಾತಾಡಿ ಬರುತ್ತಿದ್ದಳು. ಬಂದ ಮೇಲೆ ಎರಡು ದಿನ ಅವಳ ಮುಖ ಊದಿರುತ್ತಿತ್ತು. ಅಣ್ಣನೆಂದರೆ ಅವಳಿಗೆ ಪ್ರಾಣ, ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಹೀಗಿರುವಾಗ ಮಂಡಳಿಗೆ ಹೊಸ ಅಧ್ಯಕ್ಷರು ಬಂದರು. ಕೆಟ್ಟವರೇನಲ್ಲ, ಅಚ್ಚುಕಟ್ಟು ಮನುಷ್ಯ. ಅತಿ ಅಚ್ಚುಕಟ್ಟು. ಬಂದ ವರ್ಷವೇ ನೂರಾ ಹನ್ನೆರಡು ಪುಟದ ಗುಣಮಟ್ಟದ ಕೈಪಿಡಿ ಬರೆದು ಅಚ್ಚು ಹಾಕಿಸಿದರು. ಲೋಟಗಳ ವಿಷಯಕ್ಕೇ ಅದರಲ್ಲಿ ನಾಲ್ಕು ಪುಟ. ಹಿಂದೆಲ್ಲ ಅರವತ್ತೈದು ಲೋಟ ತೆರೆದ ತಂತಿ ಹಲಗೆಯ ಮೇಲೆ ಬಾಯಿ ಮೇಲಾಗಿ ಕೂತಿರುತ್ತಿದ್ದವು. ಮಧ್ಯಾಹ್ನಕ್ಕೆ ಅವನ್ನೇ ತೊಳೆದು ಮತ್ತೆ ಬಳಸುತ್ತಿದ್ದರು. ಕೈಪಿಡಿ ಬಂದ ಮೇಲೆ ಒಂದು ದಿನಕ್ಕೆ ಒಂದು ಲೋಟ ಒಂದೇ ಸಲ ಎಂದಾಯಿತು. ಐವತ್ತೈದು ಹೊಸ ಲೋಟ ಬಂದವು. ಅವನ್ನು ಇಡಲು ಮರದ ಹೊಟ್ಟು ಒತ್ತಿ ಮಾಡಿದ ಹಲಗೆಯ ಹೊಸ ಕಪಾಟು ಬಂತು. 'ಧೂಳು ಬೀಳದಂತೆ ಲೋಟಗಳನ್ನು ಮಗುಚಿ, ಮುಚ್ಚಿದ ಕಪಾಟಿನಲ್ಲಿ ಇಡತಕ್ಕದ್ದು' ಎಂದು ಮೂವತ್ತೊಂದನೆಯ ಪುಟ ಹೇಳಿತು. ಕಪಾಟು ಹೊಸ ಲೋಟಗಳಿಗಷ್ಟೇ ಸಾಕಾಯಿತು, ಹಳೆಯವು ತಂತಿ ಹಲಗೆಯ ಮೇಲೇ ಉಳಿದವು. ಲೋಟ ತೊಳೆಯುವಾಕೆ, "ಮಗುಚಿಟ್ರೆ ಗಾಳಿ ಆಡಲ್ಲ ಕಣಕ್ಕಾ" ಎಂದು ಗೊಣಗಿದಳು. ಇನ್ನೊಂದು ನಿಯಮವೂ ಬಂತು. ಮೊದಲು ಖಾಲಿ ಲೋಟ ಮೂಸಿ ಆಮೇಲೆ ವೈನ್ ಹೊಯ್ಯಿಸಿಕೊಳ್ಳುವುದು ಪರೀಕ್ಷಕರ ಹಳೆಯ ವಾಡಿಕೆ. ಅದು ಸಮಯ ಹಾಳು ಎಂದು ಕೈಪಿಡಿ ಕಿತ್ತುಹಾಕಿತು. ಲೋಟ ಒಳಕೋಣೆಯಲ್ಲೇ ತುಂಬಿ, ಮುಚ್ಚಳ ಹಾಕಿಕೊಂಡು ಮೇಜಿಗೆ ಬರತೊಡಗಿತು. ಉಗುಳಕ್ಕ ಆಗ ಬಾಯಿ ಬಿಡಲಿಲ್ಲ. ಹೋಗಲಿ, ಹೊಸಬರು, ಉತ್ಸಾಹ ಎಂದುಕೊಂಡಳು.

ಆ ವರ್ಷದ ಪರೀಕ್ಷೆಗೆ ಇಪ್ಪತ್ತನಾಲ್ಕು ನಮೂನೆ ಬಂದಿದ್ದವು. ಬೆಳಗ್ಗೆ ಹದಿಮೂರು, ಮಧ್ಯಾಹ್ನ ಹನ್ನೊಂದು. ಬೆಳಗಿನ ಹದಿಮೂರೂ ಪಾಸಾದವು. ಮಧ್ಯಾಹ್ನದ ಮೊದಲನೆಯ ಮುಚ್ಚಳ ತೆಗೆದಾಗಲೇ ಅವಳ ಮೂಗಿಗೆ ಮುಗ್ಗಲು ಬಡಿಯಿತು, ಮಳೆಗಾಲದಲ್ಲಿ ಮಡಚಿಟ್ಟ ಗೋಣಿಚೀಲದ ಹಾಗೆ. 'ಬೇಡ' ಎಂದು ಬರೆದಳು. ಎರಡನೆಯದೂ ಹಾಗೇ. ಮೂರನೆಯದೂ ಹಾಗೇ. ಹನ್ನೊಂದಕ್ಕೆ ಹನ್ನೊಂದೂ. ಆರನೆಯ ಲೋಟದ ಹೊತ್ತಿಗೆ ಅವಳ ಪೆನ್ನು ಒಂದು ಗಳಿಗೆ ನಿಂತಿತ್ತು, ಇದೇನಿದು ಸಾಲಾಗಿ ಎಂದು. ಆದರೆ ಇಪ್ಪತ್ತಾರು ವರ್ಷದ ಹಮ್ಮು ಎಂಬುದೊಂದಿದೆಯಲ್ಲ. ನನ್ನ ಮೂಗಿಗೆ ಬಂದದ್ದು ಬಂದದ್ದೇ ಎಂದು ಬರೆದುಕೊಂಡು ಹೋದಳು. ಉಳಿದ ನಾಲ್ವರಿಗೂ ಅದೇ ಬಂತು. ಲಕೋಟೆ ಒಡೆದರೆ ಹನ್ನೊಂದೂ ಮೇಲಿನ ದಿಬ್ಬದವರದು. ಅವರ ಬಂಡಿ ತಡವಾಗಿ ಬಂದದ್ದರಿಂದ ನಮೂನೆಗಳು ಮಧ್ಯಾಹ್ನಕ್ಕೆ ಬಿದ್ದಿದ್ದವು. "ದಿಬ್ಬದೋರ ನೆಲಮಾಳಿಗೆ ಮೊದಲಿಂದಲೂ ಥಂಡಿ" ಎಂದು ಎಲ್ಲರೂ ತಲೆಯಾಡಿಸಿದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಹನ್ನೊಂದರಲ್ಲಿ ಒಂದು ಅಣ್ಣನದು.

ನಾಲ್ಕನೆಯ ದಿನ ಪಾಸಾದ ಹದಿಮೂರರ ಕಾಗದಕ್ಕೆ ಸಹಿ ಹಾಕಲು ಅವಳು ಮಂಡಳಿಗೆ ಬಂದಳು. ಮುಖ್ಯ ಪರೀಕ್ಷಕಿಯ ಸಹಿ ಬೀಳದೆ ಒಂದು ಮುದ್ರೆಯೂ ಹೊರಗೆ ಹೋಗುವಂತಿಲ್ಲ. ಬಿಸಿಲಿತ್ತು. ಒಳಕೋಣೆಗೆ ಹೋಗಿ ತೊಳೆಯುವಾಕೆಯ ಹತ್ತಿರ ನೀರು ಕೇಳಿದಳು. ಆಕೆ ಹೊಸ ಕಪಾಟಿನಿಂದ ಒಂದು ಕಪ್ಪು ಲೋಟ ತೆಗೆದು ನಲ್ಲಿಯಿಂದ ತುಂಬಿ ಕೊಟ್ಟಳು. ಉಗುಳಕ್ಕ ಲೋಟವನ್ನು ಬಾಯಿಯ ಹತ್ತಿರ ತಂದವಳು ಹಾಗೇ ನಿಂತಳು. ನೀರಿಗೆ ಮುಗ್ಗಲು ವಾಸನೆ.

ಇನ್ನೊಂದು ಲೋಟ ತೆಗೆಸಿದಳು. ಅದಕ್ಕೂ ಅದೇ. ಕಪಾಟಿನೊಳಗೆ ತಲೆ ತೂರಿಸಿದಳು. ಹಿಂದಿನ ಗೋಡೆಯಲ್ಲಿ ತೇವ ಏರಿತ್ತು, ಒತ್ತಿದ ಹಲಗೆ ಬೆನ್ನಲ್ಲಿ ಉಬ್ಬಿ ಬೂಷ್ಟು ಹಿಡಿದಿತ್ತು, ಮಗುಚಿದ ಒಂದೊಂದು ಲೋಟವೂ ಆ ಗಾಳಿಯನ್ನು ಹೊಟ್ಟೆಯಲ್ಲಿ ಹಿಡಿದುಕೊಂಡು ಕೂತಿತ್ತು. ತಂತಿ ಹಲಗೆಯ ಮೇಲಿನ ಹಳೆಯ ಲೋಟ ಮೂಸಿದಳು. ಗಾಜು ಬಿಟ್ಟರೆ ಏನೂ ಇಲ್ಲ.

"ಅವತ್ತು ಬೆಳಗ್ಗೆ ಯಾವ ಲೋಟ ಕೊಟ್ಟೆ?"

"ಹಳೇವು ಅಕ್ಕಾ. ಅರವತ್ತೈದೂ ಖಾಲಿಯಾದ್ವು. ಮಧ್ಯಾಹ್ನಕ್ಕೆ ಇವನ್ನ ತೆಗೆದೆ."

ಹದಿಮೂರು ಐದಲ ಅರವತ್ತೈದು. ಹನ್ನೊಂದು ಐದಲ ಐವತ್ತೈದು. ಉಗುಳಕ್ಕ ಅಲ್ಲೇ ಸ್ಟೂಲಿನ ಮೇಲೆ ಕುಕ್ಕರಿಸಿದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ಲೋಟ ನಾರಿದ್ದಕ್ಕೆ ಹನ್ನೊಂದು ಮನೆಯ ಒಂದು ವರ್ಷದ ದುಡಿಮೆಯನ್ನು ತಾನೇ ಮುಂದೆ ನಿಂತು ವಿನೆಗರ್ ಮಾಡಿದ್ದಳು. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ಆ ಬಿಸಿ ಆರುವ ಮೊದಲೇ ಎದ್ದು, ಒಂದು ಕಪಾಟಿನ ಲೋಟ, ಒಂದು ಹಲಗೆಯ ಲೋಟ, ಎರಡಕ್ಕೂ ನೀರು ತುಂಬಿಕೊಂಡು ಅಧ್ಯಕ್ಷರ ಕೋಣೆಗೆ ನುಗ್ಗಿದಳು.

ಅಧ್ಯಕ್ಷರು ಎರಡನ್ನೂ ಮೂಸಿದರು. ಅವರ ಮೂಗು ಅಷ್ಟೇನೂ ಸೂಕ್ಷ್ಮವಲ್ಲ, ಆದರೂ ಅವರಿಗೂ ಬಂತು. ಮುಖದಲ್ಲಿ ಕಂಡಿತು. ಕರವಸ್ತ್ರದಿಂದ ಮೂಗು ಒರೆಸಿಕೊಂಡು ಮೆಲ್ಲಗೆ ಬಾಗಿಲು ಹಾಕಿದರು.

"ಕಪಾಟು ನಾಳೆನೇ ತೆಗೆಸ್ತೀನಿ. ಒಳ್ಳೆ ಕೆಲಸ ಮಾಡಿದ್ರಿ."

"ಕಪಾಟು ಇರಲಿ ಸಾರ್. ಹನ್ನೊಂದೂ ಮತ್ತೆ ನೋಡಬೇಕು. ಆವತ್ತು ತಪ್ಪಾಗಿದೆ ಅಂತ ರಿಜಿಸ್ಟರಲ್ಲಿ ಬರೀಬೇಕು."

"ಐದಕ್ಕೆ ಐದೂ 'ಬೇಡ' ಆಗಿದೆ. ನಿಯಮ ನಿಮಗೇ ಗೊತ್ತು."

"ನಮ್ಮ ಐದು ಮೂಗಿಗೂ ಒಂದೇ ಕಪಾಟು ತೋರಿಸಿದ್ರಿ. ಅದು ಐದು 'ಬೇಡ' ಅಲ್ಲ, ಒಂದೇ."

ಅಧ್ಯಕ್ಷರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. "ನೋಡಿ, ಮುದ್ರೆ ಅಂದ್ರೆ ನಂಬಿಕೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಒಂದು ಸಲ ನಾವು ತಪ್ಪು ಅಂತ ನಾವೇ ಬರ್ಕೊಂಡ್ರೆ, ನಾಳೆ ಫೇಲಾದೋರೆಲ್ಲ ಲೋಟ ಸರಿ ಇರಲಿಲ್ಲ ಅಂತಾರೆ. ಕುಣಿಯಲಾರದವಳು ನೆಲ ಡೊಂಕು ಅಂದಹಾಗೆ."

"ನೆಲ ನಿಜವಾಗ್ಲೂ ಡೊಂಕಿದ್ರೆ?"

ಅವರು ದನಿ ತಗ್ಗಿಸಿ, "ಆ ಹನ್ನೊಂದರಲ್ಲಿ ನಿಮ್ಮ ಅಣ್ಣನದೂ ಇದೆ. ಜನ ಏನಂತಾರೆ ಅಂತ ಯೋಚಿಸಿ" ಎಂದರು.

ಉಗುಳಕ್ಕ ಸಹಿಗೆಂದು ಮೇಜಿನ ಮೇಲಿಟ್ಟಿದ್ದ ಹದಿಮೂರು ಕಾಗದವನ್ನು ಕಟ್ಟಿ, ಅವರ ಮುಂದಕ್ಕೇ ಸರಿಸಿದಳು. "ಜನ ಏನು ಬೇಕಾದ್ರೂ ಅನ್ನಲಿ. ಇಪ್ಪತ್ತನಾಲ್ಕೂ ಸರಿಯಾಗಿ ನೋಡೋವರೆಗೂ ನನ್ನ ಸಹಿ ಒಂದಕ್ಕೂ ಇಲ್ಲ" ಎಂದು ಎದ್ದಳು. ಎರಡು ಲೋಟ ನೀರೂ ಅವರ ಮೇಜಿನ ಮೇಲೇ ಉಳಿದವು.

ಆಮೇಲೆ ಶುರುವಾಯಿತು. ಪಾಸಾದ ಹದಿಮೂರು ಜನರ ಲಾರಿಗಳು ಮಂಡಳಿಯ ಗೇಟಿನಲ್ಲಿ ಸಾಲುಗಟ್ಟಿದವು. ಮುದ್ರೆ ಬಾರದೆ ಬಾಟಲಿ ಹತ್ತುವುದಿಲ್ಲ. ಅವಳು ಉಳಿದ ನಾಲ್ವರು ಪರೀಕ್ಷಕರ ಮನೆಗೆ ಹೋಗಿ ತನ್ನ ಜೊತೆ ನಿಲ್ಲಿ ಎಂದು ಕೇಳಿದಳು. ಒಬ್ಬರಿಗೆ ಸೊಂಟನೋವು, ಒಬ್ಬರಿಗೆ ಮಗಳ ಪರೀಕ್ಷೆ, ಒಬ್ಬರು ಮನೆಯಲ್ಲಿದ್ದುಕೊಂಡೇ ಮನೆಯಲ್ಲಿಲ್ಲ ಎಂದು ಹೇಳಿಸಿದರು. ನಾಲ್ಕನೆಯವರು ಮಾತ್ರ ಬಾಗಿಲಲ್ಲಿ ನಿಂತು ನಿಜ ಹೇಳಿದರು: "ಅಕ್ಕಾ, ನನಗೂ ಅವತ್ತು ಅನುಮಾನ ಬಂತು. ನೀವು ಬರೀತಾ ಇದ್ರಲ್ಲ, ನಾನೂ ಬರೆದೆ." ಈ ಮಾತು ಅವಳನ್ನು ಎಲ್ಲಕ್ಕಿಂತ ಹೆಚ್ಚು ಇರಿಯಿತು. ಐದು ಕುರ್ಚಿ ಹಾಕಿದ್ದು ಯಾಕೆ ಹಾಗಾದರೆ? ಒಂದು ಕುರ್ಚಿ, ನಾಲ್ಕು ಕೋಲೆಬಸವ ಸಾಕಿತ್ತಲ್ಲ ಎಂದು ದಾರಿಯುದ್ದಕ್ಕೂ ತನಗೆ ತಾನೇ ಬೈದುಕೊಂಡು ಬಂದಳು.

ಎಂಟನೆಯ ದಿನ ಲಾರಿಯವರ ಪರವಾಗಿ ಆರು ಜನ ಅವಳ ಮನೆಯ ಬಾಗಿಲಿಗೆ ಬಂದರು. ಮೂಗಿಗಿಂತ ಮೂಗುತಿ ಭಾರವಾಯಿತು, ಸಂಬಳಕ್ಕಿರುವವಳಿಗೆ ಇಷ್ಟು ಸೊಕ್ಕು ಬೇಡ, ಅಣ್ಣನ ವೈನಿಗೋಸ್ಕರ ಊರನ್ನೇ ಮುಳುಗಿಸುತ್ತಿದ್ದಾಳೆ ಎಂದೆಲ್ಲ ಕೂಗಾಡಿದರು. ದರ್ಜಿ ಗಂಡ ಅಳತೆ ಟೇಪನ್ನು ಕೊರಳಲ್ಲಿ ಹಾಕಿಕೊಂಡೇ ಹೊರಗೆ ಬಂದ.

"ನೀವು ಹೇಳೋದು ಸರಿ. ಇವಳು ಹಿಡಿದ ಮೊಲಕ್ಕೆ ಮೂರೇ ಕಾಲು. ಮೂವತ್ತು ವರ್ಷದಿಂದ ನಾನೂ ನಾಲ್ಕು ಅಂತ ವಾದಿಸಿ ಸೋತಿದ್ದೀನಿ. ನೀವೂ ಬೇಕಾದ್ರೆ ಸೋತು ನೋಡಿ, ಕೂತ್ಕೊಳ್ಳಿ."

ಇಬ್ಬರಿಗೆ ನಗು ಬಂತು. ನಗು ಬಂದ ಮೇಲೆ ಕೂಗಲು ಆಗುವುದಿಲ್ಲ. ಅಷ್ಟರಲ್ಲಿ ಉಗುಳಕ್ಕ ಹೊಸ್ತಿಲಿಗೆ ಬಂದಳು. "ಯೋಚ್ನೆ ಮಾಡಿ. ಮುಂದಿನ ವರ್ಷ ನಿಮ್ಮ ಬಂಡಿ ತಡವಾಗಿ ಬಂದು, ನಿಮ್ಮದು ಆ ಕಪಾಟಿನ ಲೋಟಕ್ಕೆ ಬಿದ್ರೆ? ಆಗಲೂ ನಾನು ಬಾಯಿ ಮುಚ್ಕೊಂಡು ಕೂರ್ಬೇಕಾ?" ಆರು ಜನರೂ ಮುಖ ಮುಖ ನೋಡಿಕೊಂಡರು. ಒಪ್ಪಿದರೆಂದಲ್ಲ, ಆದರೆ ಮತ್ತೆ ಕೂಗಲಿಲ್ಲ.

ಜನ ಹೋದ ಮೇಲೆ ಗಂಡ ನಗುವುದನ್ನು ಬಿಟ್ಟ. "ಕೆಲಸ ಹೋಗುತ್ತೆ ಕಣೇ."

"ಗೊತ್ತು."

"ನಿನ್ನ ಕಾಲ ಮೇಲೆ ನೀನೇ ಕಲ್ಲು ಎತ್ತಿ ಹಾಕ್ಕೋತಿದ್ದೀಯ."

"ಹನ್ನೊಂದು ಜನರ ತಲೆ ಮೇಲೆ ಹಾಕಿದ್ದೀನಲ್ಲ, ಅದನ್ನ ಎತ್ತಬೇಕಾದ್ರೆ ಎಲ್ಲಾದ್ರೂ ಹಾಕಲೇಬೇಕು." ಹೆದರಿಕೆಯಿತ್ತು ಅವಳಿಗೆ, ಇಲ್ಲದೆ ಏನು. ಬಾಟಲಿ ತೊಳೆಯುವುದು, ಮೂಸುವುದು ಬಿಟ್ಟರೆ ಬೇರೆ ಕಸುಬು ಗೊತ್ತಿರಲಿಲ್ಲ.

ಹತ್ತನೆಯ ದಿನ ಅಧ್ಯಕ್ಷರು ಕರೆಸಿ, ಹಾವೂ ಸಾಯದ ಕೋಲೂ ಮುರಿಯದ ಒಂದು ದಾರಿ ಮುಂದಿಟ್ಟರು. ಹತ್ತು ನಮೂನೆಯನ್ನು ಸದ್ದಿಲ್ಲದೆ ಮತ್ತೆ ನೋಡೋಣ. ಕಾರಣ ಬರೆಯುವುದು ಬೇಡ, 'ಆಡಳಿತಾತ್ಮಕ' ಎಂದರೆ ಸಾಕು. ಹನ್ನೊಂದನೆಯದು, ಅಣ್ಣನದು, ಕೈಬಿಡೋಣ. ಆಗ ಯಾರೂ ಬೆರಳು ತೋರಿಸುವಂತಿಲ್ಲ.

ಉಗುಳಕ್ಕ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಹತ್ತು ಮನೆ ಉಳಿಯುತ್ತವೆ. ಕುರ್ಚಿಯೂ ಉಳಿಯುತ್ತದೆ. ಅಣ್ಣ ಹೇಗೂ ಮಾತು ಬಿಟ್ಟವನು, ಇನ್ನೊಂಬತ್ತು ವರ್ಷ ಬಿಡುತ್ತಾನೆ ಅಷ್ಟೆ. ಹೌದು ಎನ್ನುವುದು ಎಷ್ಟು ಸುಲಭವಾಗಿತ್ತು ಎಂದು ಅವಳು ಆಮೇಲೆ ಅತ್ತಿಗೆಗೆ ಹೇಳಿದ್ದುಂಟು.

"ಸಾರ್, ಲೋಟಕ್ಕೆ ನನ್ನ ಅಣ್ಣ ಯಾರು ಅಂತ ಗೊತ್ತಿತ್ತಾ? ಅವನದನ್ನ ನೋಡಿ ನಾರ್ತಾ? ಅದಕ್ಕೆ ಹನ್ನೊಂದೂ ಒಂದೇ. ನೋಡಿದ್ರೆ ಹನ್ನೊಂದೂ ನೋಡಬೇಕು, ಬರೆದ್ರೆ ಆದದ್ದನ್ನೇ ಬರೀಬೇಕು. ಇಲ್ದಿದ್ರೆ ಲಾರಿ ಅಲ್ಲೇ ನಿಂತಿರಲಿ, ಅದರ ಮೇಲೆ ಹುಲ್ಲು ಬೆಳೀಲಿ."

"ಹಾಗೆ ಬರೆದ ಮೇಲೆ ಆ ಕುರ್ಚಿಯಲ್ಲಿ ನೀವು ಕೂರೋದು ಕಷ್ಟ ಆಗುತ್ತೆ. ತಪ್ಪು ಒಪ್ಪಿಕೊಂಡ ಪರೀಕ್ಷಕಿಯನ್ನ ಮಂಡಳಿ ಇಟ್ಕೊಳ್ಳಲ್ಲ."

"ಕಡೇದಾಗಿ ಈ ಹನ್ನೊಂದಕ್ಕೆ ಕೂರ್ತೀನಿ. ಆಮೇಲೆ ಕುರ್ಚಿ ನಿಮ್ಮದು."

ಗೇಟಿನಲ್ಲಿ ಲಾರಿಗಳು ನಿಂತೇ ಇದ್ದವು, ಅಧ್ಯಕ್ಷರು ಒಪ್ಪಿದರು. ಹದಿಮೂರನೆಯ ದಿನ ಮರುಪರೀಕ್ಷೆ ನಡೆಯಿತು. ಅವಳ ಹಟಕ್ಕೆ ಪರೀಕ್ಷೆಯ ಕೋಣೆಯ ಕಿಟಕಿ ಪರದೆ ಸರಿಸಿ, ದಿಬ್ಬದವರೂ ಲಾರಿಯವರೂ ಹೊರಗಿನಿಂದ ನೋಡುವಂತೆ ಮಾಡಿದ್ದರು. ಗುಂಪಿನ ಹಿಂದೆ, ಗೋಡೆಗೆ ಒರಗಿ ಅಣ್ಣನೂ ನಿಂತಿದ್ದ. ತಂತಿ ಹಲಗೆಯ ಲೋಟಗಳು ಖಾಲಿಯಾಗಿ ಬಂದವು. ಉಗುಳಕ್ಕ ಒಂದೊಂದನ್ನೂ ಮೂಸಿ ಕೆಳಗಿಟ್ಟಳು. ಉಳಿದ ನಾಲ್ವರೂ ಮೂಸಿದರು. ಆಮೇಲೆ ಅವಳು ತನ್ನ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡು, "ನನ್ನ ಬೆನ್ನು ನೋಡ್ಕೊಂಡು ಬರೀರಿ. ನನ್ನ ಪೆನ್ನು ಯಾರೂ ನೋಡೋದು ಬೇಡ" ಎಂದಳು. ಸೊಂಟನೋವಿನವರ ತಲೆ ತಗ್ಗಿತು.

ಬರೆದು ಮುಗಿಸಲು ಎರಡು ಗಂಟೆ ಹಿಡಿಯಿತು. ಕಾಗದ ಎಣಿಸಿದರೆ, ಎಷ್ಟೋ ವರ್ಷದಲ್ಲಿ ಮೊದಲ ಸಲ ಐದು ಕಾಗದ ಐದು ಥರ ಇದ್ದವು. ಒಂದಕ್ಕೆ ನಾಲ್ಕು 'ಇರಲಿ', ಒಂದಕ್ಕೆ ಮೂರು, ಇನ್ನೊಂದಕ್ಕೆ ಐದೂ. ಹತ್ತು ನಮೂನೆ ಪಾಸಾದವು. ಮುಗ್ಗಲು ಎಂದು ಒಬ್ಬರೂ ಎಲ್ಲೂ ಬರೆದಿರಲಿಲ್ಲ. ಏಳನೆಯ ನಂಬರಿಗೆ ಮಾತ್ರ ಎರಡು 'ಇರಲಿ', ಮೂರು 'ಬೇಡ'. ಮೂರರಲ್ಲಿ ಒಂದು ಉಗುಳಕ್ಕನದು. 'ವಿನೆಗರಿನ ಕಡೆ ವಾಲಿದೆ, ಪೀಪಾಯಿ ತುಂಬಿಸಿ ಇಟ್ಟಿಲ್ಲ' ಎಂದು ಪಕ್ಕದಲ್ಲಿ ಕಾರಣವನ್ನೂ ಬರೆದಿದ್ದಳು. ಅಧ್ಯಕ್ಷರು ಏಳನೆಯ ಲಕೋಟೆ ಒಡೆದರು, ಓದಿದರು, ಒಂದು ಕ್ಷಣ ಅವಳ ಮುಖ ನೋಡಿದರು. ಆಮೇಲೆ ಅಣ್ಣನ ಮನೆಯ ಹೆಸರನ್ನು ಎಲ್ಲರಿಗೂ ಕೇಳುವಂತೆ ಹೇಳಿದರು. ಕಿಟಕಿಯ ಆಚೆ ಕತ್ತುಗಳೆಲ್ಲ ಅಣ್ಣನ ಕಡೆ ತಿರುಗಿದವು.

ಉಗುಳಕ್ಕ ಎದ್ದು ರಿಜಿಸ್ಟರ್ ತರಿಸಿದಳು. ನಿಂತುಕೊಂಡೇ ಬರೆದಳು: ಇಂಥ ದಿನ ಹನ್ನೊಂದು ನಮೂನೆಗಳಿಗೆ ಐವರೂ ಬೇಡ ಎಂದದ್ದು ತಪ್ಪು. ಮುಗ್ಗಲು ವೈನಿನಲ್ಲಿರಲಿಲ್ಲ, ಕೈಪಿಡಿಯ ಮೂವತ್ತೊಂದನೆಯ ಪುಟದಂತೆ ಮಗುಚಿಟ್ಟ ಲೋಟದಲ್ಲಿತ್ತು. ಖಾಲಿ ಲೋಟ ಮೂಸುವ ವಾಡಿಕೆ ಹೋದಾಗ ಮುಖ್ಯ ಪರೀಕ್ಷಕಿ ಸುಮ್ಮನಿದ್ದದ್ದು ಎರಡನೆಯ ತಪ್ಪು. ಇಂದು ಸರಿಯಾದ ಲೋಟದಲ್ಲಿ ಹತ್ತು ಪಾಸು, ಒಂದು ಬೇಡ. ಕೆಳಗೆ ಸಹಿ ಹಾಕಿದಳು. ಆಮೇಲೆ ಹದಿಮೂರು, ಹತ್ತು, ಒಟ್ಟು ಇಪ್ಪತ್ತಮೂರು ಕಾಗದಕ್ಕೂ ಸಹಿ ಹಾಕಿ ಪೆನ್ನನ್ನು ಅಧ್ಯಕ್ಷರ ಕೈಗೆ ಕೊಟ್ಟಳು. ಅಧ್ಯಕ್ಷರು ಆ ಬರಹವನ್ನು ಎರಡು ಸಲ ಓದಿದರು. ಹೊಡೆದುಹಾಕಬಹುದಿತ್ತು, ಹಾಕಲಿಲ್ಲ, ಕಿಟಕಿಯಲ್ಲಿ ಅಷ್ಟು ಕಣ್ಣುಗಳಿದ್ದವಲ್ಲ. ತಾವೂ ಸಹಿ ಹಾಕಿದರು. ಕುರ್ಚಿಯನ್ನು ಮಾತ್ರ ವಾಪಸು ಕೊಡಲಿಲ್ಲ.

ಅವಳು ಚೀಲ ಹೆಗಲಿಗೆ ಹಾಕಿಕೊಂಡು ಹೊರಗೆ ಬಂದಾಗ ಹತ್ತು ಜನ ಸುತ್ತುವರಿದು ಏನೇನೋ ಹೇಳಿದರು. ಅವಳಿಗೆ ಒಂದೂ ಕೇಳಿಸಲಿಲ್ಲ. ಮೆಟ್ಟಿಲ ಕೆಳಗೆ ಅಣ್ಣ ನಿಂತಿದ್ದ. ಈ ಸಲ ಅವನ ಎದುರಿಗೆ ಗೋಡೆ ಇರಲಿಲ್ಲ.

"'ಬೇಡ' ಅಂತ ಬರೆದೋರಲ್ಲಿ ನೀನೂ ಇದ್ದೀಯಾ?"

"ಇದ್ದೀನಿ. ಯಾರದು ಅಂತ ಗೊತ್ತಿರಲಿಲ್ಲ. ಗೊತ್ತಿದ್ರೂ ಅದನ್ನೇ ಬರೀತಿದ್ದೆ."

"ಲೋಟದ್ದಲ್ಲ ತಾನೆ?"

"ಲೋಟ ಮೂಸೇ ಕೂತಿದ್ದು. ನೀನೇ ಕಿಟಕೀಲಿ ನೋಡಿದ್ಯಲ್ಲ. ಪೀಪಾಯಿ ಒಂದು ಗೇಣು ಖಾಲಿ ಬಿಟ್ಟಿದ್ದೀಯ, ಗಾಳಿ ಕುಡಿದು ಹುಳಿ ತಿರುಗಿದೆ."

ಅವನು ಚಪ್ಪಲಿಯ ತುದಿಯಿಂದ ನೆಲ ಕೆರೆದ. "ಒಂಬತ್ತು ವರ್ಷದ ಹಿಂದಿನದು?"

"ಅದೂ ಇದೇ. ಆಗಲೂ ಲೋಟ ಮೂಸಿದ್ದೆ."

ಅವಳು ಬೈಗುಳಕ್ಕೆ ಸಿದ್ಧವಾಗಿ ನಿಂತಳು. ಅಂಗಳದಲ್ಲಿದ್ದವರೂ ಅದಕ್ಕೇ ಕಿವಿ ನೆಟ್ಟಿದ್ದರು. ಅಣ್ಣ ಎರಡು ಸಲ ಕೆಮ್ಮಿದ.

"ನಿನ್ನ ಮೂಗು ಸುಳ್ಳು ಅಂತ ಒಂಬತ್ತು ವರ್ಷ ಊರೆಲ್ಲಾ ಸಾರಿಕೊಂಡು ತಿರುಗಿದೆ. ತಪ್ಪಾದ್ರೆ ತಪ್ಪು ಅಂತ ಕುರ್ಚಿ ಬಿಟ್ಟು ಬರೋಳು ನೀನು ಅಂತ ಅವತ್ತೇ ಗೊತ್ತಿದ್ದಿದ್ರೆ, ಮನೆಗೆ ಹೋಗಿ ಪೀಪಾಯಿ ನೋಡ್ಕೋತಿದ್ದೆ ಕಣೇ."

ಉಗುಳಕ್ಕನಿಗೆ ಅಳು ಬಂತು. ಅಳುವುದನ್ನು ಊರಿಗೆ ತೋರಿಸಬಾರದೆಂದು ಅವನ ಮೇಲೇ ರೇಗಿದಳು. "ಒಂದರಲ್ಲೇ ಹೀಗಿದ್ರೆ ಉಳಿದವು ಹೇಗಿದಾವೋ!"

"ನಾಳೆ ಬಂದು ನೋಡು. ಕುರ್ಚಿ ತಾನೆ ಹೋಗಿದ್ದು."

ಮರುದಿನ ಬೆಳಗ್ಗೆ ಅವಳು ಕಾಫಿ ಕುಡಿಯದೆ, ಸೋಪು ಮುಟ್ಟದೆ ದಿಬ್ಬ ಹತ್ತಿದಳು. ಅಣ್ಣನ ನೆಲಮಾಳಿಗೆಯಲ್ಲಿ ಹನ್ನೆರಡು ಪೀಪಾಯಿ ಇದ್ದವು. ಅವುಗಳಲ್ಲಿ ಐದಕ್ಕೆ 'ಬೇಡ' ಎಂದಳು. ಸುರಿಯಬೇಡ, ವಿನೆಗರ್ ಕಾರ್ಖಾನೆಗಾದರೂ ಕೊಡು ಎಂದು ಅತ್ತಿಗೆ ಬೇಡಿಕೊಂಡರೂ ಅವನು ಕೇಳಲಿಲ್ಲ. ತಂಗಿಯ ಕಣ್ಣೆದುರಿಗೇ ಐದರ ಬೂಚನ್ನೂ ಕಿತ್ತು ಚರಂಡಿಗೆ ಬಿಟ್ಟ.